ರಿಸ್ಟ್ರೇಂಟೋ, ಕನ್‌ಫೈನ್‌ಮೆಂಟೋ? ದೂರು ಬರೆಯುವ ಮುನ್ನ

ರಾಂಗ್‌ಫುಲ್ ರಿಸ್ಟ್ರೇಂಟ್ (ಅಕ್ರಮವಾಗಿ ತಡೆಯುವುದು) ಮತ್ತು ರಾಂಗ್‌ಫುಲ್ ಕನ್‌ಫೈನ್‌ಮೆಂಟ್ (ಅಕ್ರಮವಾಗಿ ಕೂಡಿಹಾಕುವುದು) ಒಂದೇ ಎಂದುಕೊಂಡು ಪೊಲೀಸರಿಗೆ ದೂರು ಬರೆಯುವವರು ಬಹಳ. ಐಪಿಸಿಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೊದಲನೆಯದು 126ನೇ ಸೆಕ್ಷನ್, ಎರಡನೆಯದು 127.

ಹೋಗಲು ಹಕ್ಕಿರುವ ಕಡೆಗೆ ಹೋಗದಂತೆ ಅಡ್ಡಗಟ್ಟಿದರೆ ರಿಸ್ಟ್ರೇಂಟ್. ಹಿಂದಿರುಗಲು, ಬೇರೆ ದಾರಿ ಹಿಡಿಯಲು ಅಡ್ಡಿಯಿಲ್ಲ. ಹೊಲಕ್ಕೆ ಹೋಗುವ ಬಂಡಿದಾರಿಗೆ ನೆರೆಯವನು ಅಡ್ಡ ನಿಂತು ನಿಮ್ಮನ್ನು ಬಿಡಲಿಲ್ಲವೆಂದರೆ ಇದೇ. ಆದರೆ ದಾರಿ ಖಾಸಗಿಯದಾಗಿದ್ದು, ತಡೆಯುವ ಹಕ್ಕು ತನಗಿದೆ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದರೆ ಅಪರಾಧವಾಗದು. ಆದ್ದರಿಂದ ದಾರಿಯ ದಾಖಲೆ ಕೈಯಲ್ಲಿಟ್ಟುಕೊಂಡೇ ಠಾಣೆಗೆ ಹೋಗಿ.

ಕನ್‌ಫೈನ್‌ಮೆಂಟ್‌ನಲ್ಲಿ ಯಾವ ಕಡೆಗೂ ಬಿಡುವುದಿಲ್ಲ. ಸುತ್ತಲೂ ಗೆರೆ ಎಳೆದಂತೆ. ಬೀಗವೇ ಬೇಕೆಂದಿಲ್ಲ. ಹೊರಬಂದರೆ ಗುಂಡು ಹಾರಿಸುತ್ತಾರೆ ಎಂದು ಹೆದರಿಸಿ ಕಟ್ಟಡದ ಬಾಗಿಲುಗಳಲ್ಲಿ ಬಂದೂಕುಧಾರಿಗಳನ್ನು ನಿಲ್ಲಿಸುವ ಉದಾಹರಣೆ ಕಾನೂನಿನಲ್ಲೇ ಇದೆ.

ಶಿಕ್ಷೆಯ ಅಂತರವೂ ದೊಡ್ಡದು. ರಿಸ್ಟ್ರೇಂಟ್‌ಗೆ ಹೆಚ್ಚೆಂದರೆ 1 ತಿಂಗಳ ಸಾದಾ ಸಜೆ ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಕನ್‌ಫೈನ್‌ಮೆಂಟ್‌ಗೆ ಸಜೆ 1 ವರ್ಷದವರೆಗೆ. 3 ದಿನ ಅಥವಾ ಹೆಚ್ಚು ಕೂಡಿಟ್ಟರೆ 3 ವರ್ಷ, 10 ದಿನ ಅಥವಾ ಹೆಚ್ಚಾದರೆ 5 ವರ್ಷದವರೆಗೆ.

ಮುಂಗಡ ತೀರಿಸಲಿಲ್ಲವೆಂದು ಕೂಲಿಯವರನ್ನು ಶೆಡ್ಡಿನಲ್ಲಿ ಕೂಡಿಹಾಕಿದ ಪ್ರಕರಣವನ್ನು ‘ದಾರಿ ತಡೆದರು’ ಎಂದು ಬರೆದುಕೊಡುವುದು ಅವರಿಗೆ ಮಾಡುವ ಘೋರ ಅನ್ಯಾಯ. ಯಾವ ಕೋಣೆ, ಯಾರು ಕಾವಲಿದ್ದರು, ಎಂದಿನಿಂದ ಎಂದಿನವರೆಗೆ, ಇಷ್ಟನ್ನೂ ದೂರಿನಲ್ಲಿ ಬಿಡಿಸಿ ಬರೆಯಿರಿ. ದಿನಗಳ ಲೆಕ್ಕದ ಮೇಲೆಯೇ ಶಿಕ್ಷೆ ನಿಂತಿದೆ.