ತಲೆ ಮೇಲೆ ಗಾಜು: ಕಲಬುರಗಿ ಬಿಸಿಲಲ್ಲಿ ಹೊಸ ಎಸ್‌ಯುವಿ

ಇಂಜಿನ್, ಉದ್ದ, ಅಗಲ, ಏರ್‌ಬ್ಯಾಗ್ ಎಲ್ಲ ನೀವೇ ನೋಡಿರುತ್ತೀರಿ. ನಾನು ಹೇಳೋದು ಸನ್‌ರೂಫ್ ಬಗ್ಗೆ. ನನಗದು ಬೇಕಿರಲೇ ಇಲ್ಲ. ಬೇಕಿದ್ದದ್ದು ಒಳಗಿಂದ ಗಾಳಿ ಬರೋ ವೆಂಟಿಲೇಟೆಡ್ ಸೀಟು. ಅದು ಸಿಗೋದು ಟಾಪ್ ಮಾಡೆಲ್‌ನಲ್ಲಿ ಮಾತ್ರ. ಟಾಪ್ ಮಾಡೆಲ್ ಅಂದಮೇಲೆ ತಲೆ ಮೇಲೆ ಗಾಜು ಇದ್ದದ್ದೇ. 2025ರ ಸೆಪ್ಟೆಂಬರ್‌ನಲ್ಲಿ ಸೆಸ್ ಅನ್ನೋ ಹೆಚ್ಚುವರಿ ತೆರಿಗೆ ತೆಗೆದು ದೊಡ್ಡ ಗಾಡಿಗಳಿಗೆ ಜಿಎಸ್‌ಟಿ 40% ಮಾಡಿದರಲ್ಲ, ಒಟ್ಟು ತೆರಿಗೆ ಕಮ್ಮಿಯಾಗಿ ಉಳಿದ ದುಡ್ಡೆಲ್ಲ ಈ ಗಾಜಿಗೇ ಹೋಯಿತು.

ಮೇ ತಿಂಗಳಲ್ಲಿ ನಮ್ಮಲ್ಲಿ 43 ಡಿಗ್ರಿ ಹೊಸದೇನಲ್ಲ. ಮಧ್ಯಾಹ್ನ ಸೂಪರ್ ಮಾರ್ಕೆಟ್ ಹತ್ತಿರ ನಿಲ್ಲಿಸಿ ಬಂದರೆ ಸ್ಟೀರಿಂಗ್ ಮುಟ್ಟೋಕಾಗಲ್ಲ. ಅದು ಯಾವ ಗಾಡಿಗಾದರೂ ಅಷ್ಟೇ ಬಿಡಿ. ಆದರೆ ಇಲ್ಲಿ ಗಾಜಿನ ಕೆಳಗೆ ಕೊಟ್ಟಿರೋದು ತೆಳ್ಳನೆ ಬಟ್ಟೆಯ ಪರದೆ. ಬೆಳಕು ತಡೆಯುತ್ತದೆ, ಕಾವು ತಡೆಯಲ್ಲ. ಕೈ ಮೇಲೆತ್ತಿದರೆ ರೊಟ್ಟಿ ಹಂಚಿನ ಹತ್ತಿರ ಹಿಡಿದಂತೆ. ಎಸಿ ಫುಲ್ ಇಟ್ಟರೂ ಸ್ವಲ್ಪ ಹೊತ್ತು ಕಾಲು ತಣ್ಣಗೆ, ನೆತ್ತಿ ಬಿಸಿ.

ಇನ್ನು ಬೇವಿನ ಮರ. ಮನೆ ಮುಂದೆ ನೆರಳಿಗೆ ಅದೊಂದೇ ಗತಿ. ಹೂ, ಎಲೆ ಉದುರಿ ಸನ್‌ರೂಫ್ ಸುತ್ತಲಿನ ಸಂದಿಯಲ್ಲಿ ಕೂರುತ್ತವೆ, ಮೇಲೆ ಧೂಳು. ಆ ಸಂದಿಯ ಮೂಲೆಯಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ. ಅವು ಕಟ್ಟಿಕೊಂಡರೆ ಮಳೆಗಾಲದಲ್ಲಿ ನೀರು ಸೀದಾ ಒಳಗೆ. ಹಾಗಾಗಿ ಭಾನುವಾರ ಚಹಾ ಮುಗಿಸಿ ಗಾಜು ತೆರೆಯುತ್ತೇನೆ. ಹಳೇ ಟೂತ್‌ಬ್ರಷ್‌ನಿಂದ ಸಂದಿ ಕೆರೆದು, ಒದ್ದೆ ಬಟ್ಟೆಯಲ್ಲಿ ರಬ್ಬರ್ ಒರೆಸಿ, ಒಂದು ಲೋಟ ನೀರು ನಿಧಾನಕ್ಕೆ ಬಿಟ್ಟು, ಗಾಡಿ ಕೆಳಗೆ ಹನಿಯುತ್ತಿದೆಯಾ ಅಂತ ಬಗ್ಗಿ ನೋಡುತ್ತೇನೆ. ಬೈದುಕೊಂಡು ಶುರು ಮಾಡಿದ ಕೆಲಸ, ಈಗ ಯಾರಿಗೂ ಬಿಟ್ಟುಕೊಡಲ್ಲ.

ಸೀಟು ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಬೆನ್ನು ಬೆವರೋದೇ ಇಲ್ಲ. ಹುಣ್ಣಿಮೆಗೆ ಗಾಣಗಾಪುರಕ್ಕೆ ಹೊರಟಾಗ ಅವ್ವ ಮುಂದೆ ಕೂತಳು. ಚೌಡಾಪುರದ ಮಾತು ಬಿಡಿ, ಊರು ದಾಟೋ ಮುಂಚೆಯೇ "ಈ ಸೀಟ್ ನಂದದ, ಇಲ್ಲಿ ಯಾರೂ ಕೂಡಬ್ಯಾಡ್ರಿ" ಅಂದುಬಿಟ್ಟಳು. ಈ ಗಾಳಿ ಬರೋದು ಮುಂದಿನ ಎರಡು ಸೀಟಿಗೆ ಅಷ್ಟೇ. ಒಂದು ಡ್ರೈವರ್‌ದು, ಇನ್ನೊಂದು ಅವ್ವನದು. ಹೆಂಡತಿ ಹಿಂದೆ, ಗಾಜಿನ ನೇರ ಕೆಳಗೆ. ಅವಳ ವಿಮರ್ಶೆ ಬೇರೆಯೇ ಇದೆ, ಇಲ್ಲಿ ಬರೆಯೋ ಹಾಗಿಲ್ಲ.

ಮೂರನೇ ಸಾಲು ಮಕ್ಕಳಿಗೆ ಸರಿ. ಮೈಲೇಜ್ ಊರೊಳಗೆ ಕಮ್ಮಿ, ಹುಮನಾಬಾದ್ ರಸ್ತೆಯಲ್ಲಿ ಪರವಾಗಿಲ್ಲ. ನಮ್ಮ ಕಡೆಯವರು ಟೆಸ್ಟ್ ಡ್ರೈವ್ ಕೇಳೋದಾದರೆ ಮಧ್ಯಾಹ್ನ 2 ಗಂಟೆಗೇ ಕೇಳಿ. ಮತ್ತೆ ಮನೆಯವರನ್ನ ಹಿಂದೆ ಕೂರಿಸಿ.