ಭೂತಗನ್ನಡಿ ಇದ್ದರೆ ಮಾತ್ರ ಕೊಳ್ಳಿ: ಎರಡು ಸಂಪುಟದ ಆಕ್ಸ್‌ಫರ್ಡ್ ನಿಘಂಟು

ಕರಡು ತಿದ್ದುವುದು ನನ್ನ ಕೆಲಸ. ಪದದ ಅರ್ಥ ಬೇಕಾದರೆ ಫೋನ್ ಸಾಕು. ಪದ ಎಲ್ಲಿಂದ ಬಂತು, ಯಾರು ಮೊದಲು ಬರೆದರು ಅನ್ನುವ ಚಟ ಹತ್ತಿದವರಿಗೆ ಮಾತ್ರ ಈ ವಿಮರ್ಶೆ.

ನಾನು ಕೊಂಡದ್ದು 1971ರಲ್ಲಿ ಬಂದ ಕಾಂಪ್ಯಾಕ್ಟ್ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಇದು ಸಂಕ್ಷಿಪ್ತ ನಿಘಂಟಲ್ಲ. 1933ರಲ್ಲಿ 13 ಸಂಪುಟಗಳಾಗಿ ಬಂದಿದ್ದ ಮೂಲದ ನಾಲ್ಕು ನಾಲ್ಕು ಪುಟಗಳ ಫೋಟೋ ತೆಗೆದು, ಕುಗ್ಗಿಸಿ, ಒಂದೊಂದು ಪುಟದಲ್ಲಿ ಕೂರಿಸಿದ್ದಾರೆ. ಒಂದು ಅಕ್ಷರವನ್ನೂ ಬಿಟ್ಟಿಲ್ಲ. 'ಎ'ಯಿಂದ 'ಒ'ವರೆಗೆ ಒಂದು ಸಂಪುಟ, ಉಳಿದದ್ದು ಇನ್ನೊಂದು. ಎರಡೂ ಸೇರುವ ರಟ್ಟಿನ ಪೆಟ್ಟಿಗೆ, ಅದರ ಮೇಲ್ಗಡೆ ಪುಟ್ಟ ಡ್ರಾಯರ್, ಡ್ರಾಯರ್‌ನಲ್ಲಿ ಭೂತಗನ್ನಡಿ.

ಯಾವ ನಿಘಂಟು ಸಿಕ್ಕರೂ ನಾನು ಮೊದಲು ಹುಡುಕುವುದು ಒಂದೇ ಪದ: ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್. ಇಂಗ್ಲಿಷಿನಲ್ಲಿ 29 ಅಕ್ಷರ. ಯಾವುದನ್ನಾದರೂ ಕವಡೆ ಕಿಮ್ಮತ್ತಿಲ್ಲ ಎಂದು ತಳ್ಳಿಹಾಕುವುದು ಅಂತ ಅರ್ಥ. ತಮಾಷೆಯ ಪದ ಎಂದು ನಿಘಂಟೇ ಹೇಳಿಬಿಡುತ್ತದೆ. ಹುಟ್ಟಿದ್ದು ಈಟನ್ ಶಾಲೆಯ ಲ್ಯಾಟಿನ್ ವ್ಯಾಕರಣದಿಂದ. ಒಂದು ವಸ್ತುವನ್ನು ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ಇಡುತ್ತೇವೆ ಎಂದು ಹೇಳಲು ಲ್ಯಾಟಿನ್‌ನಲ್ಲಿ ಷಷ್ಠಿ ವಿಭಕ್ತಿ ಬರುತ್ತದೆ. ಆ ನಿಯಮಕ್ಕೆ ಕೊಟ್ಟಿದ್ದ ಪದಗಳು ಫ್ಲೋಕಿ, ನೌಕಿ, ನಿಹಿಲಿ, ಪಿಲಿ. ಉಣ್ಣೆಯ ಎಳೆ, ಕೆಲಸಕ್ಕೆ ಬಾರದ್ದು, ಏನೂ ಇಲ್ಲ, ಒಂದು ಕೂದಲು. ನಾವು ಹುಲ್ಲುಕಡ್ಡಿಗೆ ಸಮ ಅಂತೀವಲ್ಲ, ಹಾಗೆ. ನಾಲ್ಕನ್ನೂ ಪೋಣಿಸಿ, ಕೊನೆಗೆ 'ಫಿಕೇಶನ್' ಎಂಬ ಬಾಲ ಅಂಟಿಸಿದ್ದಾರೆ. ಬಾಯಿಪಾಠದಿಂದ ಬೇಸತ್ತ ಹುಡುಗರ ಕಿತಾಪತಿ ಇರಬೇಕು ಅಂತ ನನ್ನ ಅನುಮಾನ.

ಇಷ್ಟನ್ನು ಬೇರೆ ನಿಘಂಟೂ ಹೇಳೀತು. ಇಲ್ಲಿನ ಮಜಾ ಇರುವುದು ಇಸವಿ ಸಮೇತ ಕೊಟ್ಟ ಉದಾಹರಣೆಗಳಲ್ಲಿ. ಮೊದಲನೆಯದು 1741, ಕವಿ ವಿಲಿಯಂ ಶೆನ್‌ಸ್ಟನ್ ಬರೆದ ಕಾಗದ. ಒಬ್ಬ ವ್ಯಕ್ತಿ ದುಡ್ಡನ್ನು ಕ್ಯಾರೇ ಅನ್ನುತ್ತಿರಲಿಲ್ಲ, ಅದಕ್ಕೇ ಅವನು ತನಗೆ ಇಷ್ಟ ಎನ್ನುತ್ತಾನೆ. 1829ರಲ್ಲಿ ವಾಲ್ಟರ್ ಸ್ಕಾಟ್ ದಿನಚರಿಯಲ್ಲಿ ಇದೇ ಪದ ಬರೆಯುವಾಗ 'ನೌಕಿ'ಯನ್ನು 'ಪೌಕಿ' ಮಾಡಿಬಿಟ್ಟ. ಅಷ್ಟು ದೊಡ್ಡ ಲೇಖಕನಿಗೂ ಕಾಗುಣಿತ ಕೈಕೊಟ್ಟಿತು ನೋಡಿ! ನನ್ನಂಥ ಕರಡು ತಿದ್ದುವವರಿಗೆ ಇದಕ್ಕಿಂತ ಸಂತೋಷ ಇನ್ನೇನಿದೆ?

ಆದರೆ ಕಣ್ಣಿಗೆ ಸುಖವಿಲ್ಲ. ಉದಾಹರಣೆಗಳ ಸಾಲು ಬರಿಗಣ್ಣಿಗೆ ಬೂದು ಗೆರೆಯಂತೆ ಕಾಣುತ್ತದೆ. ನನಗೆ ಮಾರಿದವರು ಪೆಟ್ಟಿಗೆ ಕಳಿಸಿದರು, ಡ್ರಾಯರ್ ಖಾಲಿ. ಕೇಳಿದರೆ "ಪುಸ್ತಕ ಇದೆಯಲ್ಲ ಸರ್" ಅಂದರು. ಬೇರೆ ಮಸೂರ ತಂದುಕೊಂಡೆ. ಕೈಯಲ್ಲಿ ಹಿಡಿಯುವ ದುಂಡು ಮಸೂರಕ್ಕಿಂತ ಪುಟದ ಮೇಲೆ ನಿಲ್ಲುವ, ಒಳಗೆ ದೀಪವಿರುವ ಮಸೂರ ಎಷ್ಟೋ ವಾಸಿ. ಸಂಪುಟಗಳ ತೂಕವೂ ಜಾಸ್ತಿ. ತೊಡೆಯ ಮೇಲಿಟ್ಟು ಓದುವ ಆಸೆ ಬಿಡಿ, ಗಟ್ಟಿ ಮೇಜು ಬೇಕು.

ಇನ್ನೊಂದು ಕೊರತೆ ಕೊಳ್ಳುವ ಮುಂಚೆ ಗೊತ್ತಿರಲಿ. ಮುದ್ರಣ 1971ರದ್ದಾದರೂ ಒಳಗಿನ ಮಾತು 1933ಕ್ಕೇ ನಿಂತಿದೆ. ಮೊದಲ ಮಳೆಯ ಮಣ್ಣಿನ ವಾಸನೆಗೆ ವಿಜ್ಞಾನಿಗಳಾದ ಬೇರ್ ಮತ್ತು ಥಾಮಸ್ 1964ರಲ್ಲಿ ಕೊಟ್ಟ ಹೆಸರು 'ಪೆಟ್ರಿಕೋರ್' ಇದರಲ್ಲಿ ಸಿಗಲ್ಲ. 1987ರಲ್ಲಿ ಪೂರಕವಾಗಿ ಮೂರನೇ ಸಂಪುಟ ಬಂತು. ಸಿಕ್ಕರೆ ಮೂರನ್ನೂ ಸೇರಿಸಿ ಕೊಳ್ಳಿ. 1991ರ ಒಂದೇ ಸಂಪುಟದ ಆವೃತ್ತಿಯೂ ಇದೆ. ಪದಗಳು ಅದರಲ್ಲಿ ಜಾಸ್ತಿ, ನಿಜ. ಆದರೆ ಅಲ್ಲಿ ಒಂಬತ್ತು ಪುಟವನ್ನು ಒಂದಕ್ಕೆ ಇಳಿಸಿದ್ದಾರೆ. ಈಗಾಗಲೇ ಕನ್ನಡಕ ಹಾಕುವವರು ಆ ಸಾಹಸಕ್ಕೆ ಹೋಗಬೇಡಿ.