ಇ-ಕೋರ್ಟ್ಸ್ ಆ್ಯಪ್: "ಸ್ಟೇ ಆಗಿದೆ" ಅಂದವರನ್ನು ನಂಬುವ ಮೊದಲು

ಕೋರ್ಟ್ ಕೇಸು ಎಲ್ಲಿಗೆ ಬಂತು ಅಂತ ಫೋನಲ್ಲೇ ನೋಡುವ ಇ-ಕೋರ್ಟ್ಸ್ ಸರ್ವೀಸಸ್ ಆ್ಯಪ್‌ಗೆ ನನ್ನಿಂದ ಐದಕ್ಕೆ ನಾಲ್ಕು ಸ್ಟಾರ್. ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವೂ ಇಲ್ಲ. ಜಾಸ್ತಿ ಜನ ಇದನ್ನು ಮುಂದಿನ ವಾಯಿದೆ ನೋಡೋಕಷ್ಟೇ ಇಟ್ಟುಕೊಂಡಿರುತ್ತಾರೆ. ಆದರೆ ಕೇಸು ಸೋತವರು ಊರಲ್ಲಿ ಹಬ್ಬಿಸುವ ಸುದ್ದಿ ಎಷ್ಟು ನಿಜ ಅಂತ ತಿಳಿಯೋಕೆ ಇದು ಬಹಳ ಚೆನ್ನಾಗಿದೆ.

ನಮ್ಮದು ದಾಯಾದಿಗಳಿಂದ ಜಮೀನು ಬಿಡಿಸಿಕೊಳ್ಳುವ ಕೇಸು. ಕೆಳಗಿನ ಕೋರ್ಟಲ್ಲಿ ನಮ್ಮ ಪರ ಡಿಕ್ರಿ (ತೀರ್ಪಿನ ಆದೇಶ) ಆಯ್ತು, ಮೊದಲ ಅಪೀಲೂ ನಮ್ಮ ಕಡೆಗೇ ಆಯ್ತು. ಆಗ ದಾಯಾದಿಗಳು "ಹೈಕೋರ್ಟಿಗೆ ಹೋಗಿದ್ದೀವಿ, ಸ್ಟೇ ಆಗಿದೆ, ಹೊಲಕ್ಕೆ ಕಾಲಿಟ್ಟರೆ ಜೈಲು" ಅಂತ ಶುರು ಮಾಡಿದರು. ಅಪ್ಪ ಹೆದರಿ, ಡಿಕ್ರಿ ಜಾರಿ ಮಾಡಿಸಿ ಅಂತ ಕೋರ್ಟಿಗೆ ಹಾಕುವ ಅಮಲ್ಜಾರಿ ಅರ್ಜಿಯ ಮಾತೇ ಬಿಟ್ಟರು. ನಾನು ಆ್ಯಪ್‌ನಲ್ಲಿ ಹೈಕೋರ್ಟ್ ಆರಿಸಿ, ಪಾರ್ಟಿ ಹೆಸರು, ವರ್ಷ ಹಾಕಿ ಹುಡುಕಿದೆ. ಆರ್‌ಎಸ್‌ಎ ನಂಬರ್, ಅಂದ್ರೆ ಎರಡನೇ ಅಪೀಲಿನದು, ಇತ್ತು. ಒಳಗೆ ಹೋದರೆ ತಡವಾಗಿದ್ದನ್ನು ಮನ್ನಿಸಿ ಅಂತ ಒಂದು ಐಎ (ಮಧ್ಯಂತರ ಅರ್ಜಿ), ಸ್ಟೇ ಕೊಡಿ ಅಂತ ಇನ್ನೊಂದು ಐಎ, ಎರಡೂ ಪೆಂಡಿಂಗ್. ಇದ್ದ ಒಂದೇ ಆದೇಶ ತೆರೆದು ಓದಿದೆ: ಆಫೀಸ್ ಆಬ್ಜೆಕ್ಷನ್, ಅಂದ್ರೆ ಕೋರ್ಟ್ ಕಚೇರಿ ತೋರಿಸಿದ ಲೋಪ, ಸರಿಪಡಿಸಲು ಅಪೀಲುದಾರರಿಗೆ ಸಮಯ ಕೊಟ್ಟಿದೆ. ಅಷ್ಟೇ! ಸ್ಟೇ ಎಲ್ಲಿಂದ ಬಂತು?

ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ, ಸಿವಿಲ್ ಪ್ರೊಸೀಜರ್ ಕೋಡ್‌ನ ಆರ್ಡರ್ 41, ರೂಲ್ 5 ಇದನ್ನೇ ಹೇಳುತ್ತದೆ. ಅದೂ ಎರಡನೇ ಅಪೀಲು ಅಂದ್ರೆ ಸುಮ್ನೆ ಅಲ್ಲ, ಅದೇ ಕೋಡ್‌ನ ಸೆಕ್ಷನ್ 100ರ ಪ್ರಕಾರ ಕಾನೂನಿನ ಗಂಭೀರ ಪ್ರಶ್ನೆ ಇದೆ ಅಂತ ಹೈಕೋರ್ಟಿಗೆ ಮನವರಿಕೆ ಆಗಬೇಕು. ಸಾಕ್ಷಿ ಸರಿಯಾಗಿ ನೋಡಿಲ್ಲ ಅಂತ ಅತ್ತರೆ ಸಾಮಾನ್ಯವಾಗಿ ನಡೆಯಲ್ಲ. ಸುಪ್ರೀಂ ಕೋರ್ಟಿನ ಎಸ್‌ಎಲ್‌ಪಿ (ಅಪೀಲಿಗೆ ವಿಶೇಷ ಅನುಮತಿ ಕೋರುವ ಅರ್ಜಿ) ಇನ್ನೂ ಬಿಗಿ. ಸಂವಿಧಾನದ 136ನೇ ವಿಧಿಯಲ್ಲಿ ಮೊದಲು ಅಪೀಲಿಗೆ ಅನುಮತಿ ಕೇಳಬೇಕು, ಕೊಡಲೇಬೇಕೆಂಬ ಹಕ್ಕು ಯಾರಿಗೂ ಇಲ್ಲ. ಆದರೂ "ಕೇಸ್ ದೆಹಲಿಯಲ್ಲಿದೆ" ಅಂದರೆ ಊರೆಲ್ಲ ನಡುಗುತ್ತದೆ. ಎಷ್ಟೋ ಸಲ ಅಲ್ಲಿರೋದು ಬರೀ ಡೈರಿ ನಂಬರ್, ಅಂದ್ರೆ ಅರ್ಜಿ ಸಲ್ಲಿಸಿದಾಗ ಸಿಗುವ ನಂಬರ್.

ಸೋತ ಮೇಲೂ ಎದುರಾಳಿಯನ್ನು ಸತಾಯಿಸುವ ಈ ಆಟ ಹೊಸದೇನಲ್ಲ. 1977ರಲ್ಲಿ ಬೆಂಗಳೂರಿನ ಒಂದು ಬಾಡಿಗೆ ಜಾಗದ ಕೇಸಲ್ಲಿ, ಖಾಲಿ ಮಾಡಿಸುವ ಆದೇಶವನ್ನು ಹೈಕೋರ್ಟ್ ಕೂಡ ಎತ್ತಿಹಿಡಿದ ಮೇಲೆ ಬಾಡಿಗೆದಾರನ ಮಗ ಮುನ್ಸಿಫ್ ಕೋರ್ಟಲ್ಲಿ ಹೊಸ ದಾವೆ ಹೂಡಿದ್ದ. ಸುಪ್ರೀಂ ಕೋರ್ಟಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವನಿಗೆ ಛೀಮಾರಿ ಹಾಕಿ, ಇಂಥ ದಾವೆಗಳನ್ನು ಆರಂಭದಲ್ಲೇ ಕಿತ್ತೊಗೆಯಬೇಕು ಅಂತ ಕೆಳಗಿನ ಕೋರ್ಟುಗಳಿಗೂ ಹೇಳಿದರು. ಸಾಮಾನ್ಯ ಸಿವಿಲ್ ಕೇಸಲ್ಲಿ ಸುಳ್ಳು, ಕಿರುಕುಳದ ದಾವೆ ಹೂಡಿದವರಿಂದ ಸಿವಿಲ್ ಪ್ರೊಸೀಜರ್ ಕೋಡ್‌ನ ಸೆಕ್ಷನ್ 35ಎ ಕೆಳಗೆ ಕೊಡಿಸಬಹುದಾದ ಪರಿಹಾರ ಗರಿಷ್ಠ 3,000 ರೂಪಾಯಿ. ವಕೀಲರ ಒಂದು ದಿನದ ಫೀಸಿಗೂ ಸಾಲದ ಮೊತ್ತ, ಯಾರು ಹೆದರುತ್ತಾರೆ?

ಮತ್ತೆ ಆ್ಯಪ್‌ಗೆ ಬರೋಣ. ಹೆಸರಿನ ಸ್ಪೆಲ್ಲಿಂಗ್ ಬದಲಿಸಿ ಬದಲಿಸಿ ನೋಡಿ, ಮಂಜುನಾಥ ಅನ್ನೋದನ್ನು ಒಬ್ಬೊಬ್ಬ ವಕೀಲರ ಆಫೀಸಲ್ಲಿ ಒಂದೊಂದು ಥರ ಟೈಪ್ ಮಾಡಿರುತ್ತಾರೆ. ಕೇಸು ಸಿಕ್ಕ ಮೇಲೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ (ಪ್ರತಿ ಕೇಸಿನ ಗುರುತಿನ ನಂಬರ್) ಬರೆದಿಟ್ಟುಕೊಳ್ಳಿ. ಬೆಂಗಳೂರು ಹೈಕೋರ್ಟ್ ಪೀಠದ್ದು ಕೆಎಎಚ್‌ಸಿ01 ಅಂತ ಶುರುವಾಗುತ್ತದೆ, ಕೊನೆಯ ನಾಲ್ಕು ಅಂಕಿ ವರ್ಷ. "ಮೈ ಕೇಸಸ್"ಗೆ ಸೇರಿಸಿದರೆ ಪದೇ ಪದೇ ಹುಡುಕಬೇಕಿಲ್ಲ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಸುಪ್ರೀಂ ಕೋರ್ಟಿನ ಕೇಸಿಗೆ ಅದರದೇ ವೆಬ್‌ಸೈಟಿಗೆ ಹೋಗಬೇಕು ಅಂತ. ಅಲ್ಲಿ ಡೈರಿ ನಂಬರ್ ಹಾಕಿ ನೋಡಿ.

ಇನ್ನು ನಮ್ಮ ವಿಷಯ. ಆ ಆದೇಶದ ಪ್ರಿಂಟ್ ತೋರಿಸಿದ ಮೇಲೆ ಅಪ್ಪ ಅಮಲ್ಜಾರಿಗೆ ಸಹಿ ಹಾಕಿದರು. ಅಮಲ್ಜಾರಿ ಅರ್ಜಿ ಆರು ತಿಂಗಳಲ್ಲಿ ಮುಗಿಯಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ, ಅದೂ ಕರ್ನಾಟಕದ ಕೇಸಲ್ಲೇ. ಮುಗಿಯುತ್ತೋ ಇಲ್ಲವೋ, ಆ್ಯಪ್‌ನಲ್ಲಿ ನೋಡ್ತಾ ಇದ್ದೀನಿ.